ಅಷ್ಟು ಹತ್ತಿರ ಯಾರು ಹೋಗುತ್ತಾರೆ?

೬ ಜನವರಿ ೨೦೨೫, ಸೋಮವಾರ

ನಾಲ್ಕನೆಯ ಅಧ್ಯಾಯವನ್ನು ಕಿತ್ತುಹಾಕಬೇಕಂತೆ. ಕೀಳುವುದಿಲ್ಲ.

ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ಕೋಪ ಇಳಿದಿಲ್ಲ. ಪ್ರಭುದೇವ್ ಸರ್ ಎದುರು ಆಡಲಾಗದ ಮಾತನ್ನು ಎಲ್ಲಾದರೂ ಆಡದಿದ್ದರೆ ತಲೆ ಸಿಡಿದುಹೋಗುತ್ತದೆ. ಮನೆಯಲ್ಲಿ ಆಡಿದರೆ ಅಮ್ಮಿಗೆ ಬಿ.ಪಿ. ಏರುತ್ತದೆ. ಅದಕ್ಕೇ ಇವತ್ತಿನಿಂದ ಈ ದಿನಚರಿ.

ಮಧುಗಿರಿಯ ಕಾಲೇಜಿಗೆ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಸರ್ ನನ್ನ ಪಿಎಚ್.ಡಿ. ಗೈಡು. ಅವರ ಕೋಣೆಯಲ್ಲಿ ಬಂದವರಿಗೆಂದು ಎರಡು ಕುರ್ಚಿಗಳಿವೆ, ಎರಡರ ಮೇಲೂ ಫೈಲುಗಳು ಕೂತಿರುತ್ತವೆ. ಏಳು ವರ್ಷದಿಂದ ನಾನು ಅಲ್ಲಿ ನಿಂತುಕೊಂಡೇ ಭೌತಶಾಸ್ತ್ರ ಕಲಿತಿದ್ದೇನೆ.

"ನೋಡಮ್ಮ ತರನ್ನುಮ್, ನಿನ್ನ ಕೆಲಸ ನನ್ನ ಸೂತ್ರಾನ ಕ್ರಿಪ್ಟಾನ್‌ಗೆ, ಝೆನಾನ್‌ಗೆ ಹೊಂದಿಸೋದು. ಅದರಲ್ಲಿ ತೂತು ಹುಡುಕು ಅಂತ ಯಾರು ಹೇಳಿದ್ರು?"

"ನಾನು ಹುಡುಕಲಿಲ್ಲ ಸರ್. ಅದೇ ಸಿಕ್ತು."

"ಅಷ್ಟು ಹತ್ತಿರ ಯಾರು ಹೋಗ್ತಾರಮ್ಮ? ಬಿಡು."

ನನ್ನದು ಹಟವೋ ನ್ಯಾಯವೋ ಎಂದು ತಿಳಿಯಲು ಇನ್ನೊಮ್ಮೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆರ್ಗಾನ್, ಝೆನಾನ್‌ನಂಥ ಜಡಾನಿಲಗಳ ಎರಡು ಪರಮಾಣುಗಳು ದೂರದಲ್ಲಿದ್ದಾಗ ಒಂದನ್ನೊಂದು ತುಸುವೇ ಸೆಳೆಯುತ್ತವೆ. ತೀರಾ ಹತ್ತಿರ ಬಂದರೆ ಜೋರಾಗಿ ತಳ್ಳುತ್ತವೆ. ನಡುವೆ ಯಾವುದೋ ಒಂದು ದೂರದಲ್ಲಿ ನೆಮ್ಮದಿಯಾಗಿರುತ್ತವೆ. ಈ ಸೆಳೆತ ತಳ್ಳಾಟದ ಪೂರ್ತಿ ಲೆಕ್ಕ ಹಾಕುತ್ತಾ ಕೂತರೆ ಕಂಪ್ಯೂಟರೂ ಸುಸ್ತಾಗುತ್ತದೆ. ಆದ್ದರಿಂದ ಎಲ್ಲರೂ ಒಂದು ಸಾಲಿನ ಅಂದಾಜು ಸೂತ್ರ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಸರ್ ಹದಿನೆಂಟು ವರ್ಷದ ಹಿಂದೆ ಅಂಥದ್ದೊಂದನ್ನು ಬರೆದರು. ಒಳ್ಳೆಯ ಸೂತ್ರ. ಒಳ್ಳೆಯದು ಎಂದು ಬರೆಯುವುದಕ್ಕೂ ಈಗ ಮೈ ಉರಿಯುತ್ತಿದೆ, ಆದರೂ ಒಳ್ಳೆಯದೇ. ಅದರಲ್ಲಿರುವ ತೊಂದರೆ ಒಂದೇ. ಪರಮಾಣುಗಳನ್ನು ಹತ್ತಿರ ತಂದಂತೆ ತಳ್ಳುವ ಗೋಡೆ ಏರುತ್ತಾ ಹೋಗಿ, ಒಂದು ಕಡೆ ನಿಂತು, ಬಗ್ಗಿ, ಹಿಂದೆ ತಳವಿಲ್ಲದ ಕುಳಿಗೆ ಬೀಳುತ್ತದೆ. ಅಲ್ಲಿಗೆ ಹೋದ ಎರಡು ಪರಮಾಣುಗಳು ಒಂದರೊಳಗೊಂದು ಬಿದ್ದು ಮತ್ತೆ ಏಳುವುದಿಲ್ಲ ಎಂದು ಸೂತ್ರ ಹೇಳುತ್ತದೆ. ನಿಜವಾದ ಝೆನಾನ್ ಹಾಗೆ ಮಾಡುವುದಿಲ್ಲ. ನನ್ನ ಕಂಪ್ಯೂಟರಿನೊಳಗಿನ ಝೆನಾನ್ ಮಾಡಿತು, ಪ್ರೋಗ್ರಾಮು ಮಕಾಡೆ ಮಲಗಿತು.

ಇದನ್ನು ಬರೆದದ್ದೇ ನಾಲ್ಕನೆಯ ಅಧ್ಯಾಯ. ಸರ್ ಸಹಿ ಇಲ್ಲದೆ ಪ್ರಬಂಧ ಸಲ್ಲಿಸುವ ಹಾಗಿಲ್ಲ. ನನ್ನ ನೋಂದಣಿ ಮಾರ್ಚ್ ಕೊನೆಗೆ ಮುಗಿಯುತ್ತದೆ, ಇನ್ನು ವಿಸ್ತರಣೆ ಇಲ್ಲ. ಮೂವತ್ತು ಯುಗಾದಿ, ಮೂವತ್ತೊಂದು ಚಂದ್ರ ಕಂಡರೆ ಈದ್. ಅಂದರೆ ಇಪ್ಪತ್ತೊಂಬತ್ತರ ಶನಿವಾರ ಸಂಜೆಯೊಳಗೆ ಕೊಡಬೇಕು, ಇಲ್ಲದಿದ್ದರೆ ಏಳು ವರ್ಷದ ಕೆಲಸ ರದ್ದಿ. ಜೀವಮಾನವಿಡೀ ಅತಿಥಿ ಉಪನ್ಯಾಸಕಿ. ಅತಿಥಿಯಂತೆ! ಪ್ರತಿವರ್ಷ ಅರ್ಜಿ ಹಾಕಿಕೊಂಡು ಬರುವ ಅತಿಥಿಯನ್ನು ಎಲ್ಲಿ ನೋಡಿದ್ದೀರಿ?

ಕೀಳುವುದಿಲ್ಲ. ಇನ್ನೊಮ್ಮೆ ಬರೆದಿದ್ದೇನೆ, ನಾಳೆ ಬೆಳಿಗ್ಗೆ ಮನಸ್ಸು ಬದಲಾದರೆ ಓದಿಕೊಳ್ಳಲು.

೯ ಜನವರಿ, ಗುರುವಾರ

ಮನಸ್ಸು ಬದಲಾಗಿಲ್ಲ.

ಸಂಜೆ ಜಾವೀದ್ ಭಾಯ್ ಅಂಗಡಿಗೆ ಚಹಾ ಕೊಡಲು ಹೋಗಿದ್ದೆ. ನಮ್ಮಣ್ಣ ಸ್ಟೀಲಿನ ಗೇಟು, ರೇಲಿಂಗು ಮಾಡುತ್ತಾನೆ. ಬೆಸೆಯುವಾಗ ಸ್ಟೀಲಿಗೆ ಗಾಳಿ ತಾಗದ ಹಾಗೆ ಆರ್ಗಾನ್ ಬಿಡುವುದರಿಂದ ಶಿರಾದಲ್ಲಿ ಅದಕ್ಕೆ ಆರ್ಗಾನ್ ಅಂಗಡಿ ಎಂದೇ ಹೆಸರು. ಗೇಟು ಮಾಡಿಸಲು ಬಂದಿದ್ದ ಒಬ್ಬರು ನಾನು ಏನು ಓದುತ್ತಿದ್ದೇನೆಂದು ಕೇಳಿದರು.

"ಆರ್ಗಾನ್," ಎಂದ ಭಾಯ್. "ಏಳು ವರ್ಷದಿಂದ ಓದ್ತಾ ಇದಾಳೆ. ನಾನು ಆರು ತಿಂಗಳಲ್ಲಿ ಕಲ್ತೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿಡುತ್ತೇನೆಯೇ ನಾನು? ಸಿಲಿಂಡರಿಗೆ ಒರಗಿ ನಿಂತು ಸೆಳೆಯುವುದು, ತಳ್ಳುವುದು, ನಡುವಿನ ದೂರ, ಎಲ್ಲ ಹೇಳಿದೆ. ಆ ಮನುಷ್ಯ ಗಂಭೀರವಾಗಿ ತಲೆ ಆಡಿಸಿ, "ಓ, ಗಂಡ ಹೆಂಡ್ತಿ ಇದ್ದಂಗೆ ಅನ್ನಿ," ಎಂದರು.

ಯಾರಿಗೆ ಹೇಳಿದರೂ ಕೊನೆಗೆ ಇದೇ ಮಾತು. ಗಂಡ ಹೆಂಡತಿಯೂ ಅಲ್ಲ, ಅತ್ತೆ ಸೊಸೆಯೂ ಅಲ್ಲ. ಆರ್ಗಾನ್ ಆರ್ಗಾನ್ ಇದ್ದ ಹಾಗೆ! ಜಗತ್ತಿನಲ್ಲಿ ಇರುವುದೆಲ್ಲ ಮನುಷ್ಯರಿಗೆ ಪಾಠ ಹೇಳಲಿಕ್ಕೇ ಇದೆ ಎಂದುಕೊಂಡಿರುವವರನ್ನು ಕಂಡರೆ ನನಗೆ ಆಗುವುದಿಲ್ಲ.

೨೨ ಜನವರಿ, ಬುಧವಾರ

ಸಿಕ್ಕಿಬಿದ್ದರು! ಝೆನಾನಿನ ಹರಳನ್ನು ಬಿಡಿಸಿ ಪರಮಾಣುಗಳನ್ನು ಬೇರೆ ಬೇರೆ ಮಾಡಲು ಎಷ್ಟು ಶಕ್ತಿ ಬೇಕೆಂದು ಸರ್ ಸೂತ್ರದಿಂದ ಲೆಕ್ಕ ಹಾಕಿದೆ. ಪ್ರಯೋಗದಲ್ಲಿ ಅಳೆದದ್ದಕ್ಕಿಂತ ನೂರಕ್ಕೆ ಎಂಟರಷ್ಟು ಜಾಸ್ತಿ ಬಂತು. ಸೂತ್ರದಲ್ಲಿ ಕುಳಿ ಮಾತ್ರವಲ್ಲ, ನೆಮ್ಮದಿಯ ದೂರದಲ್ಲೂ ದೋಷ. ಈಗ ಹೇಳಲಿ, ಅಲ್ಲಿಗೆ ಯಾರು ಹೋಗುತ್ತಾರೆ ಅಂತ. ಅಲ್ಲಿಗೆ ನಿಜವಾದ ಝೆನಾನೇ ಹೋಗುತ್ತದೆ.

ಅಧ್ಯಾಯಕ್ಕೆ ಸೇರಿಸಿದೆ. ಬಹಳ ದಿನದ ಮೇಲೆ ಎರಡು ರೊಟ್ಟಿ ಜಾಸ್ತಿ ತಿಂದೆ.

೪ ಫೆಬ್ರವರಿ, ಮಂಗಳವಾರ

ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಅಂದಾಜು ಸೂತ್ರಗಳ ಪಾಠ. ಪಠ್ಯದಲ್ಲಿ ಎರಡು ಸಾಲಿದೆ, ನಾನು ಎರಡು ಪೀರಿಯಡ್ ಎಳೆದೆ. ಪ್ರಪಂಚವೆಲ್ಲ ಬಳಸುವ ಹಳೆಯ ಸೂತ್ರವನ್ನು ಬೋರ್ಡಿನ ಮೇಲೆ ಬರೆದೆ. ಅದರಲ್ಲಿ ಸೆಳೆತಕ್ಕೆ ಆರನೇ ಘಾತ, ತಳ್ಳುವುದಕ್ಕೆ ಹನ್ನೆರಡನೇ ಘಾತ.

ಮುಂದಿನ ಬೆಂಚಿನ ಗಂಗಾಲಕ್ಷ್ಮಿ ಎದ್ದು ನಿಂತಳು. ಚನ್ನರಾಯನದುರ್ಗದ ಹತ್ತಿರದ ಹಟ್ಟಿಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಕುಳಿತು ಪ್ರಶ್ನೆ ಕೇಳಿದರೆ ಗಂಟಲು ಕಟ್ಟುತ್ತದೆ ಎನ್ನುವ ಹಾಗೆ ಎದ್ದು ನಿಂತೇ ಕೇಳುತ್ತಾಳೆ.

"ಆರು ಯಾಕೆ ಅಂತ ಯೋಳಿದ್ರಿ. ಹನ್ನೆರಡು ಯಾಕೆ ಮೇಡಮ್? ಹನ್ನೊಂದು ಯಾಕಾಗ್ಬಾರ್ದು?"

"ಆರನೇ ಘಾತ ಒಂದ್ಸಲ ಲೆಕ್ಕ ಹಾಕಿ ಅದನ್ನೇ ವರ್ಗ ಮಾಡಿದ್ರೆ ಹನ್ನೆರಡು ಬಂತಲ್ಲಮ್ಮ. ಆ ಕಾಲದಲ್ಲಿ ಕೈಯಲ್ಲಿ ಲೆಕ್ಕ ಮಾಡ್ತಿದ್ರು, ಸುಲಭ ಆಗ್ಲಿ ಅಂತ."

"ಅಂದ್ರೆ ಸೋಮಾರಿತನ?"

ಕ್ಲಾಸೆಲ್ಲ ನಕ್ಕಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅವಳಿಗೆ ಅಲ್ಲೇ ಪಿಎಚ್.ಡಿ. ಕೊಟ್ಟುಬಿಡೋಣ ಅನ್ನಿಸಿತು. ಸೂತ್ರ ಬರೆದವರು ದೊಡ್ಡವರು ಅಂತ ಸುಮ್ಮನಾಗಬೇಡಿ, ಯಾರೂ ಹೋಗದ ಜಾಗಕ್ಕೆ ಹೋಗಿ ನೋಡಿ, ಸೂತ್ರ ಅಲ್ಲೇ ಬೀಳುವುದು ಎಂದು ದೊಡ್ಡ ಭಾಷಣ ಮಾಡಿದೆ. ಕಿಟಕಿಯಾಚೆ ಬೆಟ್ಟ ಬಿಸಿಲಿನಲ್ಲಿ ಕಾಯುತ್ತಿತ್ತು. ಇಡೀ ದಿನ ನಾನು ಸರ್ ಮೇಲೆ ಕೋಪ ಮಾಡಿಕೊಳ್ಳಲಿಲ್ಲ.

೧೨ ಫೆಬ್ರವರಿ, ಬುಧವಾರ

ಇವತ್ತು ಅದಕ್ಕೂ ಸೇರಿಸಿ ಕೋಪ ಮಾಡಿಕೊಂಡೆ.

"ಅಧ್ಯಾಯ ಇದ್ರೆ ಸಹಿ ಇಲ್ಲ," ಎಂದರು ಸರ್. "ಜೂನ್‌ಗೆ ನಾನು ರಿಟೈರ್ ಆಗ್ತೀನಿ. ಹೋಗೋ ಹೊತ್ತಿಗೆ ನನ್ನ ಸ್ಟೂಡೆಂಟೇ ನನ್ನ ಮೇಲೆ ಕಲ್ಲು ಹಾಕಬೇಕಾ?"

"ಕಲ್ಲಲ್ಲ ಸರ್, ಗ್ರಾಫು."

"ಬಾಯಿಗೆ ಬಾಯಿ ಕೊಡಬೇಡ. ಏಳು ವರ್ಷ ಸುಮ್ನೆ ಇದ್ದೆ, ಈಗೇನು ಬಂತು ನಿನಗೆ?"

ನಿಂತು ನಿಂತು ಕಾಲುನೋವು ಬಂತು ಸರ್, ಎನ್ನಬೇಕೆಂದಿದ್ದೆ. ಅನ್ನಲಿಲ್ಲ. "ಅಧ್ಯಾಯ ಇರುತ್ತೆ," ಎಂದಷ್ಟೇ ಹೇಳಿ ಬಂದೆ. ಮಧುಗಿರಿ ಬಸ್ಸಿನಲ್ಲಿ ಕೊರಟಗೆರೆಯವರೆಗೂ ಅತ್ತೆ. ಆಮೇಲೆ ಪಕ್ಕದಲ್ಲಿದ್ದ ಹೆಂಗಸು ಕಡಲೆಕಾಯಿ ಕೊಟ್ಟರು, ತಿಂದೆ.

ಪ್ರಬಂಧ ಸಲ್ಲಿಸುವ ಮುಂಚಿನ ಮಂಡನೆ ಮಾರ್ಚ್ ಇಪ್ಪತ್ತಕ್ಕೆ, ವಿಭಾಗದ ಹಾಲ್‌ನಲ್ಲಿ, ಎಲ್ಲರ ಮುಂದೆ. ಸರ್ ಅಲ್ಲಿ ಏನು ಹೇಳುತ್ತಾರೋ ಹೇಳಲಿ. ಕುಳಿ ಒಂದು, ಝೆನಾನ್ ಹರಳು ಇನ್ನೊಂದು, ಎರಡು ಗುಂಡು ನನ್ನ ಹತ್ತಿರ ಇವೆ.

೨೪ ಫೆಬ್ರವರಿ, ಸೋಮವಾರ

ಈ ಗಂಗಾಲಕ್ಷ್ಮಿ ತಲೆ ಮೇಲೆ ಕೂರುತ್ತಿದ್ದಾಳೆ. ಕೇಳಿದಳೆಂದು ನಾಲ್ಕನೆಯ ಅಧ್ಯಾಯದ ಪ್ರಿಂಟು ಕೊಟ್ಟಿದ್ದೇ ತಪ್ಪಾಯಿತು. ಸ್ಟಾಫ್ ರೂಮಿಗೆ ಬಂದು ಮೇಜಿನ ಪಕ್ಕ ನಿಂತಳು. ನನ್ನ ಮುಂದೆ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ರಾಶಿ ಬಿದ್ದಿವೆ, ಪಕ್ಕದ ಕುರ್ಚಿಯ ಮೇಲೂ ಅವೇ.

"ಮೇಡಮ್, ಸೂತ್ರ ಇರೋದು ಎಲ್ಡು ಪರಮಾಣುಗೆ. ಹರಳಲ್ಲಿ ಒಂದ್ರ ಸುತ್ತ ಬೇಕಾದಷ್ಟು ಇರ್ತವೆ. ಇಬ್ರೇ ಇದ್ದಾಗ ಇರೋ ಹಂಗೆ ಮೂರನೇವ್ರು ಬಂದಾಗ್ಲೂ ಇರ್ತವಾ?"

"ಹೆಚ್ಚು ಕಮ್ಮಿ ಇರ್ತವೆ."

"ನಾನೂ ಮಂಗಳಗೌರೀನೂ ಒಂದು ವರ್ಷ ರೂಮಲ್ಲಿ ಇಬ್ರೇ ಇದ್ವಿ, ಒಂದು ಮಾತು ಬರ್ಲಿಲ್ಲ. ಮೂರನೇವ್ಳು ಬಂದ್ಲು ನೋಡಿ, ಅವ್ಳು ಒಳ್ಳೇವ್ಳೇಯ, ಆದ್ರೂ ನಮ್ಮಿಬ್ರಿಗೂ ಅಷ್ಟಕ್ಕಷ್ಟೇ ಆಗೋಯ್ತು."

ಬಂತು, ಮತ್ತೆ ಮನುಷ್ಯರು! ಮೂರನೆಯ ಪರಮಾಣುವಿನ ಪರಿಣಾಮ ಒಂದು ಇದೆ, ಪುಸ್ತಕದಲ್ಲೂ ಇದೆ, ನನಗೆ ಗೊತ್ತಿಲ್ಲವೇ? ಸಣ್ಣದೆಂದು ಕೈಬಿಟ್ಟಿದ್ದೇನೆ ಎಂದು ಅಧ್ಯಾಯದಲ್ಲಿ ಒಂದು ವಾಕ್ಯವನ್ನೂ ಬರೆದಿದ್ದೇನೆ. ಅದನ್ನೇ ಹೇಳಿದೆ. ಅವಳು ಹೋಗಲಿಲ್ಲ. ಸಣ್ಣದು ಅಂದ್ರೆ ಎಷ್ಟು ಎಂದಳು. "ಅಷ್ಟು ಸಣ್ಣದನ್ನ ಯಾರು ನೋಡ್ತಾರಮ್ಮ? ಬಿಡು. ಹೋಗಿ ಪರೀಕ್ಷೆಗೆ ಓದ್ಕೋ," ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು.

ಹುಡುಗರಿಗೆ ಸ್ವಲ್ಪ ಸಲಿಗೆ ಕೊಟ್ಟರೆ ಹೀಗೆಯೇ. ಮೊದಲು ಪೂರ್ತಿ ಕಲಿಯಬೇಕು, ಆಮೇಲೆ ತೂತು ಹುಡುಕಬೇಕು.

೩ ಮಾರ್ಚ್, ಸೋಮವಾರ

ರಂಜಾನ್ ಉಪವಾಸದ ಎರಡನೆಯ ರೋಜಾ. ಬಸ್ಸು ಬಡವನಹಳ್ಳಿ ದಾಟುವಷ್ಟರಲ್ಲೇ ಬಾಯಿ ಒಣಗುತ್ತದೆ, ಪಾಠ ಮಾಡಲೇಬೇಕು. ಗಂಗಾಲಕ್ಷ್ಮಿ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ಏನೂ ಕೇಳಲಿಲ್ಲ. ಪಾಠ ಬೇಗ ಮುಗಿಯಿತು, ಒಳ್ಳೆಯದೇ ಆಯಿತು.

೭ ಮಾರ್ಚ್, ಶುಕ್ರವಾರ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಶಿರಾ ಬಸ್ಸಿಗೆ ಕಾಯುತ್ತಿದ್ದೆ. ಊರಿಗೆ ಹೋಗಲು ಬಂದಿದ್ದ ಗಂಗಾಲಕ್ಷ್ಮಿ ದೂರದಿಂದ ನೋಡಿ, ಹೋಗುವುದೋ ಬೇಡವೋ ಎಂದು ಎರಡು ಸಲ ತಿರುಗಿ, ಕೊನೆಗೆ ಬಂದಳು.

"ಬೈದ್ರೂ ಬೈಯಿರಿ ಮೇಡಮ್. ಎಷ್ಟು ಸಣ್ಣದು? ಒಂದು ನಂಬರ್ ಯೋಳಿ, ಬುಟ್ಬುಡ್ತೀನಿ."

"ಝೆನಾನ್‌ಗೆ ನಾನು ಲೆಕ್ಕ ಹಾಕಿಲ್ಲ."

"ಹಾಕ್ದೇನೆ ಸಣ್ಣದು ಅಂತ ಬರ್ದ್ರಾ?"

ಜನ ನೋಡುತ್ತಿದ್ದರು. ಯಾರ ಮುಂದೆ ಏನು ಮಾತಾಡಬೇಕೆಂದು ಗೊತ್ತಿಲ್ಲವೇ ನಿನಗೆ ಎಂದು ಗದರಿದೆ. ಅವಳ ಕಣ್ಣು ತುಂಬಿತು, ಆದರೆ ಕಾಲು ಹಿಂದಕ್ಕೆ ಹೋಗಲಿಲ್ಲ.

"ಯಾರೂ ಹೋಗ್ದಿರೋ ಜಾಗಕ್ಕೆ ಹೋಗಿ ನೋಡಿ ಅಂದೋರು ನೀವೇಯ. ನಾನು ಹೋದ್ರೆ ಯಾಕೆ ಹೋದೆ ಅಂತೀರ," ಎಂದಳು. ಅವಳ ಬಸ್ಸು ಬಂತು. ಹತ್ತಿ ಹೋದಳು, ನಮಸ್ಕಾರವನ್ನೂ ಮಾಡಲಿಲ್ಲ.

ಎಂಥಾ ಬಾಯಿ! ದಾರಿಯುದ್ದಕ್ಕೂ ಅವಳಿಗೆ ಏನೇನು ಉತ್ತರ ಕೊಡಬಹುದಿತ್ತೆಂದು ಯೋಚಿಸಿದೆ. ಭಾನುವಾರ ಆ ಲೆಕ್ಕವನ್ನು ಹಾಕಿ, ಆ ಸಣ್ಣ ನಂಬರನ್ನು ಅವಳ ಮುಖಕ್ಕೆ ಹಿಡಿಯುತ್ತೇನೆ.

೯ ಮಾರ್ಚ್, ಭಾನುವಾರ

ಸಣ್ಣದಲ್ಲ.

ಮೂರನೆಯ ಪರಮಾಣುವನ್ನು ಲೆಕ್ಕಕ್ಕೆ ಸೇರಿಸಿದರೆ ಝೆನಾನ್ ಹರಳಿನ ಬಿಗಿ ನೂರಕ್ಕೆ ಏಳಕ್ಕೂ ಮೇಲೆ ಇಳಿಯುತ್ತದೆ. ನಾನು ಸರ್ ಮೇಲೆ ಹೊರಿಸಿದ್ದು ಎಂಟು. ಅಂದರೆ ಅಲ್ಲಿ ಅವರ ಸೂತ್ರದ ತಪ್ಪು ಹತ್ತಿರ ಹತ್ತಿರ ಏನೂ ಇಲ್ಲ. ಇಬ್ಬರ ನಡುವಿನ ಸೂತ್ರವನ್ನು ಗುಂಪಿನ ನಡುವೆ ನಿಲ್ಲಿಸಿ, ನೀನು ಸುಳ್ಳು ಎಂದವಳು ನಾನು. ಮೊದಲ ವರ್ಷದ ಸಂಶೋಧಕರೂ ಮಾಡದ ತಪ್ಪು. ಹಳೆಯ ಲೆಕ್ಕ, ಹೊಸ ಲೆಕ್ಕ, ಎರಡನ್ನೂ ಮತ್ತೆ ಹಾಕಿದೆ. ಅಷ್ಟೇ ಬಂತು. ಅಮ್ಮಿ ಇಫ್ತಾರಿಗೆ ಕರೆದರೂ ಏಳಲಿಲ್ಲ. ಖರ್ಜೂರವನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತಂದರು.

"ಯಾಕೆ ಬೇಟಿ, ಹಿಂಗೆ ಕೂತಿದ್ದೀಯ?"

"ನಾನು ತಪ್ಪು ಮಾಡಿದ್ದೀನಿ ಅಮ್ಮಿ. ಆ ಮನುಷ್ಯನ ವಿಷಯದಲ್ಲಿ."

"ನಿನ್ನನ್ನ ಏಳು ವರ್ಷ ನಿಲ್ಲಿಸಿದವನ ವಿಷಯದಲ್ಲಾ?" ಅಮ್ಮಿ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಅವನಿಗೆ ಗೊತ್ತಾ?"

"ಇಲ್ಲ."

"ಹೇಳಿದ್ರೆ ಸಹಿ ಹಾಕ್ತಾನಾ?"

ಅದೇ ಪ್ರಶ್ನೆ. ಹೇಳಿದರೆ, ನೋಡಿದೆಯಾ, ಅಧ್ಯಾಯವೇ ಬೇಡ ಎನ್ನುತ್ತಾರೆ, ಕುಳಿಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸರ್ ಆ ಪುಟದವರೆಗೆ ಓದಿಯೇ ಇಲ್ಲ, ಓದಿದ್ದರೆ ಹಿಡಿಯುತ್ತಿದ್ದರು. ಮಂಡನೆ ಕೇಳುವ ಸಮಿತಿಯವರೂ ಓದುವುದಿಲ್ಲ. ಅಷ್ಟು ಒಳಗೆ ಯಾರು ಹೋಗುತ್ತಾರೆ?

ಈ ಕೊನೆಯ ವಾಕ್ಯವನ್ನು ಬರೆದು ಓದಿಕೊಂಡೆ. ಧಾಟಿ ನನ್ನದಲ್ಲ ಅನ್ನಿಸಿತು. ಹೊಡೆದುಹಾಕಲು ಹೋಗಿ ಹಾಗೆಯೇ ಬಿಟ್ಟಿದ್ದೇನೆ.

ಹೇಳುತ್ತೇನೆ. ಹೇಳಿಯೂ ಕುಳಿಯನ್ನು ಬಿಟ್ಟುಕೊಡುವುದಿಲ್ಲ. ಒಂದು ಗುಂಡು ಹೋದರೆ ಇನ್ನೊಂದು ಇದೆ.

೧೩ ಮಾರ್ಚ್, ಗುರುವಾರ

ಗಂಗಾಲಕ್ಷ್ಮಿಯನ್ನು ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದೆ. ಮುಂದೆ ಎಂ.ಎಸ್ಸಿ.ಗೆ ಬರುವವಳು, ವಿಭಾಗ ನೋಡಿಕೊಳ್ಳಲಿ ಅಂತ. ಬಸ್ಸಿನಲ್ಲಿ ನಂಬರ್ ಹೇಳಿದೆ, ಏಳು ಚಿಲ್ಲರೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. "ಅಯ್ಯೋ, ನಿಮ್ ಅಧ್ಯಾಯ ಹಾಳಾಯ್ತಾ ಮೇಡಮ್?" ಎಂದು ಪೆಚ್ಚಾಗಿ ಕೂತಳು.

"ಅರ್ಧ ಹಾಳಾಯ್ತು. ಬಸ್ ಸ್ಟ್ಯಾಂಡಲ್ಲಿ ಗದರಿದ್ದಕ್ಕೆ ಬೇಜಾರು ಮಾಡ್ಕೋಬೇಡ."

"ನಾನೂ ಮಾತಾಡ್ದೆ ಬಸ್ ಹತ್ತಿಕೊಂಡು ಹೋಗ್ಬುಟ್ಟೆ. ಸರಿಯೋಯ್ತು ಬುಡಿ."

ಸರ್ ಇವತ್ತು ವಿಚಿತ್ರವಾಗಿದ್ದರು. ನಾನೊಬ್ಬಳೇ ಇದ್ದರೆ ಬಾಗಿಲಲ್ಲೇ ಹುಬ್ಬು ಗಂಟು ಹಾಕುವವರು, ಗಂಗಾಲಕ್ಷ್ಮಿ ಯಾರೆಂದು ಹೇಳಿದ್ದೇ ತಡ ಎದ್ದು ಬಂದು ಫೈಲುಗಳನ್ನು ಕೆಳಗಿಟ್ಟು ಇಬ್ಬರಿಗೂ ಕುರ್ಚಿ ಕೊಟ್ಟರು. ಯಾವ ಹಟ್ಟಿ, ಯಾವ ಹಾಸ್ಟೆಲು ಎಂದು ವಿಚಾರಿಸಿದರು. ತಾವೂ ಪಾವಗಡದ ಹಾಸ್ಟೆಲಿನಲ್ಲಿ ಓದಿದ್ದು, ಮುದ್ದೆ ಸಾರು ಬಿಟ್ಟರೆ ಬೇರೇನೂ ಇರಲಿಲ್ಲ ಎಂದರು. ಏಳು ವರ್ಷದಲ್ಲಿ ನಾನು ಕೇಳಿರದ ಕಥೆ. ಹೊಟ್ಟೆ ಉರಿಯಿತೋ ನಗು ಬಂತೋ ಗೊತ್ತಾಗಲಿಲ್ಲ.

ಝೆನಾನ್ ವಿಷಯ ಹೇಳಿದೆ. ಮೂರನೆಯದನ್ನು ಬಿಟ್ಟಿದ್ದೆ, ತಪ್ಪು ನನ್ನದು, ನಿಮ್ಮ ಸೂತ್ರ ಅಲ್ಲಿ ಸರಿ. ಸರ್ ಮುಖ ಅರಳಿತು.

"ಅಲ್ಲಿಗೆ ಮುಗೀತಲ್ಲ. ಇನ್ನು ಅಧ್ಯಾಯ ಯಾಕೆ?"

"ಕುಳಿ ಹಾಗೇ ಇದೆ ಸರ್."

ಅರಳಿದ ಮುಖ ಮುದುಡಿತು. ಗಂಗಾಲಕ್ಷ್ಮಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ಅವಳಿರದಿದ್ದರೆ ಕೂಗಾಡುತ್ತಿದ್ದರು. "ಇಪ್ಪತ್ತಕ್ಕೆ ಹಾಲ್‌ನಲ್ಲಿ ನೋಡೋಣ," ಎಂದಷ್ಟೇ ಅಂದರು, ಅದೂ ಮೆತ್ತಗೆ.

೨೦ ಮಾರ್ಚ್, ಗುರುವಾರ

ಕೈ ನೋಯುವವರೆಗೆ ಬರೆಯುತ್ತೇನೆ ಇವತ್ತು.

ಭಾಯ್ ಸಿಲಿಂಡರ್ ತುಂಬಿಸಲು ಹೇಗೂ ಆ ಕಡೆ ಬರಬೇಕಿತ್ತು, ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಬಂದ. ಹಾಲ್‌ನ ಕೊನೆಯ ಸಾಲಿನಲ್ಲಿ ಗಂಗಾಲಕ್ಷ್ಮಿಯ ಪಕ್ಕ ಕೂತ. ವಿಭಾಗದ ಮುಖ್ಯಸ್ಥರಾದ ಮಹಾಲಿಂಗಯ್ಯ ಸರ್ ಅಧ್ಯಕ್ಷತೆ. ಪ್ರಭುದೇವ್ ಸರ್ ಮೊದಲ ಸಾಲಿನಲ್ಲಿ ಕೈ ಕಟ್ಟಿಕೊಂಡು.

ರೋಜಾದ ಬಾಯಿ, ನಾಲಿಗೆ ಅಂಟುತ್ತಿತ್ತು. ಪರದೆಯ ಮೇಲೆ ಮೊದಲು ನನ್ನ ತಪ್ಪನ್ನೇ ಹಾಕಿದೆ. ಝೆನಾನ್ ಹರಳಿನ ಲೆಕ್ಕ, ಎಲ್ಲಿ ಮೂರನೆಯ ಪರಮಾಣುವನ್ನು ಬಿಟ್ಟೆ, ಸೇರಿಸಿದರೆ ಏನಾಗುತ್ತದೆ, ಕೇಳಿದವಳು ಯಾರು.

"ಏನಮ್ಮ, ಮಂಗಳಾರತಿ ಮೊದಲೇ ಮಾಡ್ಕೋತಾ ಇದೀಯಲ್ಲ?" ಎಂದರು ಮಹಾಲಿಂಗಯ್ಯ ಸರ್.

"ನನ್ನದು ಮುಗಿದ ಮೇಲೆ ಮುಂದಿನದು ಸರ್," ಎಂದು ಕುಳಿಯ ಗ್ರಾಫು ಹಾಕಿದೆ.

ಪ್ರಭುದೇವ್ ಸರ್ ಎದ್ದರು. "ಒಂದು ತಪ್ಪು ಅಂತ ಅವಳೇ ಒಪ್ಪಿಕೊಂಡಳು. ಇದನ್ನೂ ಹಿಂದಕ್ಕೆ ತಗೊಳ್ಳಲಿ. ಅಷ್ಟು ಹತ್ತಿರ ಯಾವ ಪರಮಾಣು ಹೋಗುತ್ತೆ?"

"ಒಂದು ತಪ್ಪಾಯ್ತು ಅಂತ ಇನ್ನೊಂದು ಸುಳ್ಳಾಗಲ್ಲ ಸರ್. ಹಿಂದಕ್ಕೆ ತಗೊಳ್ಳಲ್ಲ."

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮು ಓಡಿಸಿದೆ. ಹೊಸ ಸಂಶೋಧಕರೆಲ್ಲ ಮೊದಲ ದಿನ ಮಾಡುವ ಹಾಗೆ, ಪರಮಾಣುಗಳನ್ನು ಜೋಡಿಸದೆ, ಕಡಲೆಬೀಜ ಚೆಲ್ಲಿದಂತೆ ಡಬ್ಬಿಯೊಳಗೆ ಚೆಲ್ಲಿದೆ. ಚೆಲ್ಲಿದಾಗ ಕೆಲವು ತೀರಾ ಹತ್ತಿರ ಬಿದ್ದೇ ಬೀಳುತ್ತವೆ. ಪರದೆಯ ಮೇಲೆ ಎರಡು ಚುಕ್ಕಿಗಳು ಒಂದಾದವು. ಇನ್ನೆರಡು. ಶಕ್ತಿಯ ಗೆರೆ ಪಾತಾಳಕ್ಕೆ ಇಳಿದು ಪ್ರೋಗ್ರಾಮು ನಿಂತುಹೋಯಿತು.

"ಹೋಗೋದು ಪರಮಾಣು ಅಲ್ಲ ಸರ್. ನಿಮ್ಮ ಸೂತ್ರ ನಂಬಿಕೊಂಡು ಬರೋ ನನ್ನಂಥವರು," ಎಂದೆ.

ಮಹಾಲಿಂಗಯ್ಯ ಸರ್ ಕನ್ನಡಕ ತೆಗೆದರು. "ಪ್ರಭುದೇವ್, ಇದು ನಿಮಗೆ ಗೊತ್ತಿತ್ತಾ?"

ಪ್ರಭುದೇವ್ ಸರ್ ಪರದೆಯ ಮೇಲೆ ನಿಂತುಹೋದ ಗೆರೆಯನ್ನು ನೋಡಿದರು.

"ಗೊತ್ತಿತ್ತು."

"ಮತ್ತೆ ಪೇಪರಲ್ಲಿ ಬರೆದಿಲ್ಲ?"

"ಯಾರೂ ಕೇಳಲಿಲ್ಲ."

ಕೊನೆಯ ಸಾಲಿನಿಂದ ಗಂಗಾಲಕ್ಷ್ಮಿ, ಅದೂ ಎದ್ದು ನಿಂತು: "ಈಗ ಕೇಳ್ತಾವ್ರಲ್ಲ ಸಾರ್!"

ಹಾಲ್ ನಕ್ಕಿತು. ಪ್ರಭುದೇವ್ ಸರ್ ನಗಲಿಲ್ಲ. ನನಗೂ ನಗು ಬರಲಿಲ್ಲ, ಅವರು ಆ ಹೊತ್ತಿನಲ್ಲಿ ತುಂಬಾ ವಯಸ್ಸಾದವರಂತೆ ಕಂಡರು. ಅಧ್ಯಾಯ ಇರಲಿ ಎಂದು ಸಮಿತಿ ಹೇಳಿತು. ಆದರೆ ಸಹಿ ಗೈಡಿನದೇ. ಅವರು ಯಾರನ್ನೂ ಮಾತಾಡಿಸದೆ ಎದ್ದು ಹೋದರು.

ದಾರಿಯಲ್ಲಿ ಭಾಯ್, "ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ಜಗಳ ಚೆನ್ನಾಗಿ ಆಡ್ತೀಯ," ಎಂದ. ಹಿಂದೆ ಸಿಲಿಂಡರುಗಳು ಖಣಖಣ ಎನ್ನುತ್ತಿದ್ದವು.

೨೬ ಮಾರ್ಚ್, ಬುಧವಾರ

ಸರ್ ಫೋನು ಎತ್ತುತ್ತಿಲ್ಲ. ಬೈಂಡಿಂಗ್ ಆದ ಪ್ರತಿಯನ್ನು ಅಟೆಂಡರ್ ಕೈಗೆ ಕೊಟ್ಟು ಬಂದೆ. ನಿದ್ದೆ ಇಲ್ಲ. ಆದರೂ ಕೀಳುವುದಿಲ್ಲ.

೨೯ ಮಾರ್ಚ್, ಶನಿವಾರ

ಮಧ್ಯಾಹ್ನ ಹೋದೆ. ಬಾಗಿಲು ತೆರೆದಿತ್ತು. ಒಂದು ಕುರ್ಚಿಯ ಮೇಲೆ ಫೈಲಿರಲಿಲ್ಲ, ಕೂತೆ. ಸರ್ ನಾಲ್ಕನೆಯ ಅಧ್ಯಾಯ ಓದುತ್ತಿದ್ದರು. ಬಿಟ್ಟ ಪುಟ ಒಂದೂ ಇಲ್ಲ, ಈ ಸಲ ಎಲ್ಲದರ ಮೇಲೂ ಪೆನ್ಸಿಲ್ ಗುರುತು. ಗಡಿಯಾರ ನೋಡುತ್ತಾ ನನ್ನ ಜೀವ ಬಾಯಿಗೆ ಬಂದಿತ್ತು.

"ಸೂತ್ರ ಬಗ್ಗೋದು ಒಂದು ಪಾಯಿಂಟ್ ನಾಲ್ಕು ಆಂಗ್‌ಸ್ಟ್ರಾಮ್ ಹತ್ತಿರ ಅಂತ ಬರೆದಿದ್ದೀರಿ," ಎಂದರು ತಲೆ ಎತ್ತದೆ. "ಸರಿಯಾಗಿ ಬರೀರಿ. ಒಂದು ಪಾಯಿಂಟ್ ಮೂರು ಎಂಟು."

ಅವರ ಮುಂದೆ ಕ್ಯಾಲ್ಕುಲೇಟರ್ ಇರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಒಂದು ಪಾಯಿಂಟ್ ಮೂರು ಎಂಟು. ಹದಿನೆಂಟು ವರ್ಷ ಆ ನಂಬರನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಕೈಯಿಂದಲೇ ತಿದ್ದಿದೆ.

"ಐದನೇ ಅಧ್ಯಾಯದಲ್ಲಿ ನಿಮ್ಮದೇ ಸೂತ್ರ ಕೊಟ್ಟಿದ್ದೀರಲ್ಲ, ಗೋಡೆ ರಿಪೇರಿ ಮಾಡಿ. ಅದು ಎಲ್ಲಿ ಬೀಳುತ್ತೆ?"

"ಮೊದಲ ಪುಟ ನೋಡಿ ಸರ್."

ತಿರುವಿದರು. ಸೂತ್ರಕ್ಕಿಂತ ಮೊದಲೇ ಬರೆದಿದ್ದೆ: ಇದು ಎರಡು ಪರಮಾಣುಗಳಿಗೆ ಮಾತ್ರ, ಮೂರನೆಯದು ಬಂದಲ್ಲಿ ಇದೊಂದನ್ನೇ ನಂಬಬಾರದು, ಈ ಎಚ್ಚರ ಗಂಗಾಲಕ್ಷ್ಮಿಯ ಪ್ರಶ್ನೆಯಿಂದ ಬಂದದ್ದು.

"ಮೊದಲ ಪುಟದಲ್ಲೇ ಯಾರಾದರೂ ಹೀಗೆ ಬರ್ಕೋತಾರಾ?"

"ನಾನು ಬರ್ಕೊಂಡಿದ್ದೀನಿ ಸರ್."

ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕಿ, ತಾರೀಕು ಹಾಕಿ, ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಓಡಿ, ಬಾಗಿಲು ಹಾಕ್ತಾರೆ," ಎಂದರು.

ಓಡಿದೆ. ಕೊಟ್ಟೆ. ರಸೀದಿ ತಗೊಂಡೆ. ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ, ಯಾರು ನೋಡಿದರೂ ನೋಡಲಿ ಅಂತ.

೩೧ ಮಾರ್ಚ್, ಸೋಮವಾರ. ಈದ್

ಗಂಗಾಲಕ್ಷ್ಮಿ, ಮಂಗಳಗೌರಿ, ಅವರ ರೂಮಿನ ಮೂರನೆಯವಳು, ಮೂವರೂ ಬಂದಿದ್ದರು. ಯುಗಾದಿಯ ಒಬ್ಬಟ್ಟು ತಂದಿದ್ದರು, ಅಮ್ಮಿ ಶೀರ್ ಖುರ್ಮಾ ಕೊಟ್ಟರು. ಮೂವರಿಗೂ ಈಗ ಸರಿಹೋಗಿದೆಯಂತೆ, ಹೆಂಗೆ ಅಂತ ಗೊತ್ತಿಲ್ಲವಂತೆ. ಉಳಿದಿಬ್ಬರು ಭಾಯ್ ಜೊತೆ ಅಂಗಡಿ ನೋಡಲು ಹೋದರು. ಗಂಗಾಲಕ್ಷ್ಮಿ ಲೋಟ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಮೇಡಮ್, ಹಬ್ಬದ ದಿನ ಕೇಳ್ಬಾರ್ದೇನೋ. ಮೂರನೇದು ಸೇರ್ಸಿದ್ರಿ. ನಾಕನೇದು ಬಂದ್ರೆ?"

ಅದು ಬಹಳ ಸಣ್ಣದು ಕಣಮ್ಮ ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.

"ಗೊತ್ತಿಲ್ಲ," ಎಂದೆ. ಕುರ್ಚಿಯ ಮೇಲೆ ಪ್ರಬಂಧದ ಹಳೆಯ ಹಾಳೆಗಳು ಮೊಣಕಾಲೆತ್ತರ ಕೂತಿದ್ದವು. ಎತ್ತಿ ನೆಲಕ್ಕಿಟ್ಟೆ. "ಬಾ, ಕೂತ್ಕೋ."